ನಲವತ್ತೇಳನೇ ಸಾಲು

ಆಗ ನನಗೆ ನಲವತ್ತೆಂಟು ವರ್ಷ. ಅದಾಗಿ ಇಪ್ಪತ್ತನಾಲ್ಕು ವರ್ಷವಾಯಿತು. ಕೊಟ್ಟೂರಿನ ಒಂದು ಕಾಲೇಜಿನ ಕಂಪ್ಯೂಟರ್ ಕೋಣೆಗೆ ನಾನು ಅಟೆಂಡರ್ ಆಗಿದ್ದೆ. ಕಾಲೇಜಿನ ಹೆಸರು ಬರೆಯುವುದಿಲ್ಲ.

ಪಕ್ಕದ ಮನೆಯ ಸೊಸೆ ಡಿಗ್ರಿ ಓದಿದವಳು. ಹಡಗಲಿಯಲ್ಲಿ ಅವಳಿಗೆ ಇದೇ ಕೆಲಸ ಸಿಕ್ಕಿದೆ. ಮೊನ್ನೆ ಬಂದು, "ಅಲ್ಲಬೇ ಅತ್ತಿ, ಇದ್ರಾಗ ಕಲಿಯೋದು ಏನೈತಿ? ಬೀಗ ತೆಗಿಯದು, ಕಸ ಹೊಡಿಯದು, ಬೀಗ ಹಾಕದು" ಅಂದಳು. ಹೌದು ಅಂದೆ. ಅವಳು ಹೋದ ಮೇಲೆ ಪೂರ್ತಿ ಹೌದಲ್ಲ ಅನ್ನಿಸಿತು. ಅದಕ್ಕೆ ಬರೆಯುತ್ತಿದ್ದೇನೆ. ನನಗೆ ಅಕ್ಷರ ಬಂದದ್ದು ನಲವತ್ತರ ಹತ್ತಿರ, ಸಾಕ್ಷರತೆಯ ಪಾಠದಲ್ಲಿ. ಒತ್ತಕ್ಷರ ಇಂದಿಗೂ ತಪ್ಪುತ್ತೇನೆ. ಅಂಕಿ ಮಾತ್ರ ಚಿಕ್ಕಂದಿನಿಂದಲೂ ಬರುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಶೇಂಗಾ ಮಾರುತ್ತಿದ್ದ ಅವ್ವನ ಪಕ್ಕ ಕೂತು ಬಸ್ಸಿನ ನಂಬರು ನೋಡಿ ನೋಡಿ ಕಲಿತದ್ದು.

ಕೋಣೆಯಲ್ಲಿ ಎಂಟು ಕಂಪ್ಯೂಟರ್ ಇದ್ದವು. ಮೂಲೆಯಲ್ಲಿ ಒಂದು ದೊಡ್ಡದು. ಎಂಟರಿಂದಲೂ ವಯರು ಬಂದು ಆ ದೊಡ್ಡದಕ್ಕೆ ಸೇರುತ್ತಿದ್ದವು. ಬೆಳಿಗ್ಗೆ ಎಂಟಕ್ಕೆ ಹೋಗಬೇಕು. ಚಪ್ಪಲಿ ಹೊರಗೆ. ಮೊದಲು ನೆಲಕ್ಕೆ ಒದ್ದೆ ಬಟ್ಟೆ, ಆಮೇಲೆ ಯಂತ್ರಕ್ಕೆ ಒಣ ಬಟ್ಟೆ. ಎರಡೂ ಬಟ್ಟೆ ಅದಲು ಬದಲಾಗಬಾರದು. ಮೌಸ್ ತಿರುವಿ, ಮುಚ್ಚಳ ತೆಗೆದು, ಒಳಗಿನ ಗುಂಡು ಹೊರಗೆ ಹಾಕಿ, ಉರುಳೆಗೆ ಹತ್ತಿದ ಕೊಳೆ ಉಗುರಿನಿಂದ ಕೆರೆಯಬೇಕು. ಈಗಿನವರಿಗೆ ಇದು ಗೊತ್ತಿಲ್ಲ. ಈಗ ಮೌಸಿನಲ್ಲಿ ಗುಂಡೇ ಇಲ್ಲ. ಎಂಟು ಮೌಸಿನ ಕೊಳೆ ತೆಗೆದರೆ ಒಂದು ಚಿಟಿಕೆ ಆಗುತ್ತಿತ್ತು, ಕಪ್ಪಗೆ, ಅಂಟಂಟು.

ದೂಳು ಬರುತ್ತದೆಂದು ಕಿಟಕಿ ತೆಗೆಯುವ ಹಾಗಿರಲಿಲ್ಲ. ಹುಡುಗರ ಪಾಠ ದಿನಕ್ಕೆ ಎರಡು ತಾಸು. ಉಳಿದ ಹೊತ್ತು ನಾನು ಮತ್ತು ಯಂತ್ರಗಳ ಗುಂಯ್ ಶಬ್ದ. ಆಫೀಸಿನವರು ಒಟ್ಟಿಗೆ ಕೂತು ಊಟ ಮಾಡುತ್ತಿದ್ದರು. ನನ್ನನ್ನು ಯಾರೂ ಬೇಡ ಅಂದಿರಲಿಲ್ಲ, ಬಾ ಅಂತಲೂ ಅಂದಿರಲಿಲ್ಲ. ನಾನು ಸ್ಟೆಬಿಲೈಜರ್ ಹಿಂದೆ ನೆಲಕ್ಕೆ ಕೂತು ರೊಟ್ಟಿ, ಪುಂಡಿಪಲ್ಯ ತಿಂದು ಕೈ ತೊಳೆದುಕೊಳ್ಳುತ್ತಿದ್ದೆ. ಟೈಪಿಸ್ಟ್ ಶಾಂತಮ್ಮ ಒಬ್ಬಳು ಆಗಾಗ ಚಿತ್ರಾನ್ನದ ಡಬ್ಬಿ ತಂದು ನನ್ನ ಮುಂದೆ ಇಟ್ಟು ಹೋಗುತ್ತಿದ್ದಳು.

ನಾನು ಮಾಡಿದ ಮೊದಲ ಘಾತ ಹೇಳುತ್ತೇನೆ. ಸೇರಿದ ಹೊಸದರಲ್ಲಿ, ಸಂಜೆ ಬೀಗ ಹಾಕುವಾಗ ದೊಡ್ಡ ಯಂತ್ರ ಓಡುತ್ತಲೇ ಇರುವುದನ್ನು ನೋಡಿ, ಸರಕಾರದ ಕರೆಂಟು ಯಾಕೆ ಸುಡಬೇಕು ಎಂದು ಗೋಡೆಯಿಂದ ಪಿನ್ನು ಕಿತ್ತುಬಿಟ್ಟೆ. ಹದಿನೈದು ದಿನ ಹಾಗೇ ಮಾಡಿದೆ. ಒಂದು ದಿನ ಅದು ಏಳಲೇ ಇಲ್ಲ. ಆಗ ಇದ್ದ ಮೇಷ್ಟ್ರು ಹುಡುಗರೆಲ್ಲರ ಮುಂದೆ, "ನಿನ್ನ ಕೈಯಾಗ ಕಸಬರಿಗಿ ಬಿಟ್ಟು ಇನ್ನೇನೂ ಕೊಡಬಾರದು ನೋಡು" ಅಂದರು. ಅಂದದ್ದು ಸರಿ. ಆದರೆ ಕೀಳಬಾರದು ಅಂತ ಮೊದಲೇ ಯಾರೂ ಹೇಳಿರಲಿಲ್ಲ. ಅದೂ ಸರಿ.

ಅವರು ಬಿಟ್ಟು ಹೋದ ಮೇಲೆ ಬಂದವರು ಶೈಲಜಾ ಮೇಡಂ. ಇಪ್ಪತ್ತನಾಲ್ಕು ವರ್ಷದ ಹುಡುಗಿ. ಹರಪನಹಳ್ಳಿಯಿಂದ ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದರು. ಕಾಯಂ ನೌಕರಿ ಅಲ್ಲ, ವರ್ಷ ವರ್ಷ ಮುಂದುವರಿಸಿದರೆ ಉಂಟು. ಬಂದ ದಿನವೇ ದೊಡ್ಡ ಯಂತ್ರವನ್ನು ಯಾವ ಗುಂಡಿ ಒತ್ತಿ ಮಲಗಿಸಬೇಕು, ಹೇಗೆ ಎಬ್ಬಿಸಬೇಕು ಎಂದು ನನಗೆ ಮೂರು ಸಲ ಮಾಡಿ ತೋರಿಸಿದರು. "ಈಗ ನೀವು ಮಾಡ್ರಿ ಹುಲಿಗೆವ್ವ" ಅಂದರು. ಆ ಕಾಲೇಜಿನಲ್ಲಿ ನನಗೆ 'ರಿ' ಹಚ್ಚಿ ಮಾತಾಡಿದವರು ಅವರೊಬ್ಬರೇ.

ಪ್ರಿನ್ಸಿಪಾಲರಿಗೆ ಆ ವರ್ಷ ಒಂದು ಹುಕಿ ಬಂತು. ಮೊದಲ ವರ್ಷಕ್ಕೆ ಸೇರುವವರ ಅರ್ಜಿ, ಹಾಸ್ಟೆಲಿನ ಅರ್ಜಿ, ಎಲ್ಲಾ ಕಂಪ್ಯೂಟರಿನಲ್ಲೇ ತುಂಬಿಸಬೇಕು. ಕೂಡ್ಲಿಗಿಯಲ್ಲಿಲ್ಲ, ಹಗರಿಬೊಮ್ಮನಹಳ್ಳಿಯಲ್ಲಿಲ್ಲ, ನಮ್ಮಲ್ಲೇ ಮೊದಲು ಆಗಬೇಕು. ಶೈಲಜಾ ಮೇಡಂ ಅದನ್ನು ಬರೆಯಲು ಕೂತರು. ಪರ್ಲ್ ಅಂತ ಒಂದು ಕಂಪ್ಯೂಟರ್ ಭಾಷೆ. ಅವರಿಗೂ ಹೊಸದು. ತೊಡೆಯ ಮೇಲೆ ದಪ್ಪ ಪುಸ್ತಕ ಇಟ್ಟುಕೊಂಡು, ಒಂದು ಹಾಳೆ ಓದುವುದು, ಎರಡು ಸಾಲು ಕುಟ್ಟುವುದು, ತಲೆ ಕೆರೆದುಕೊಳ್ಳುವುದು. ಒಂದು ತಿಂಗಳು ಹೀಗೇ ನಡೆಯಿತು.

ಕೊನೆಗೆ ಕೆಲಸ ಮಾಡಿತು. ಹುಡುಗರು ಎಂಟು ಯಂತ್ರದಲ್ಲಿ ಕೂತು ಹೆಸರು, ತಂದೆಯ ಹೆಸರು, ಊರು, ಫೋನು ತುಂಬಿ ಗುಂಡಿ ಒತ್ತಿದರೆ ಅರ್ಜಿ ದೊಡ್ಡ ಯಂತ್ರಕ್ಕೆ ಹೋಗಿ ಕೂರುತ್ತಿತ್ತು. ಆದರೆ ದೊಡ್ಡ ಯಂತ್ರದ ಕರಿ ಪರದೆಯ ಮೇಲೆ ಇಂಗ್ಲಿಷಿನ ಸಾಲುಗಳು ಪಟಪಟ ಬೀಳುತ್ತಿದ್ದವು.

"ಕೆಟ್ಟೈತೇನ್ರಿ ಮೇಡಂ?" ಅಂದೆ.

"ಇಲ್ರಿ. ಕೆಟ್ಟಿದ್ರ ನಿಂತೇ ಬಿಡ್ತಿತ್ತು. ಇದು ಎಚ್ಚರಿಕೆ. ಏನೋ ಸರಿಯಿಲ್ಲ ಅಂತ ಗೊಣಗ್ತೈತಿ, ಆದ್ರ ಕೆಲಸ ಮಾಡ್ತೈತಿ."

"ನನ್ನಂಗ ಅನ್ರಿ."

ಅವರು ನಕ್ಕರು. ಆಮೇಲೆ ತೋರಿಸಿದರು. ಪ್ರತಿ ಸಾಲಿನ ಕೊನೆಗೆ ಒಂದು ಅಂಕಿ ಇರುತ್ತದೆ. ಅವರು ಬರೆದದ್ದರಲ್ಲಿ ಎಷ್ಟನೇ ಸಾಲಿಗೆ ಬಂದಾಗ ಅದು ಗೊಣಗಿತು ಎನ್ನುವ ಅಂಕಿ. ಯಾರೋ ಒಂದು ಕಾಲಂ ತುಂಬದೆ ಖಾಲಿ ಬಿಟ್ಟರೆ, ಆ ಕಾಲಂ ಓದುವ ಸಾಲಿಗೆ ಬಂದಾಗ ಯಂತ್ರಕ್ಕೆ ಕೈಗೆ ಏನೂ ಸಿಗುವುದಿಲ್ಲ. ಇಲ್ಲೇನೂ ಇಲ್ಲವಲ್ಲ ಅನ್ನುತ್ತದೆ.

"ನಾನು ಪಾಠಕ್ಕ ಹೋದಾಗ ನೀವು ಇಲ್ಲಿ ಕುಂದರ್ರಿ. ಸಾಲು ಬಿತ್ತು ಅಂದ್ರ ಕೊನಿ ಅಂಕಿ ಬರ್ಕೊಳ್ರಿ. ಆಗ ಗುಂಡಿ ಒತ್ತಿದವರ ಹೆಸರೂ ಬರ್ಕೊಳ್ರಿ. ಹದಿನೆಂಟು ಅಂತ ಬಂದ್ರ ಬಿಡ್ರಿ, ಅದು ಎಲ್ಲಾದಕ್ಕೂ ಬರ್ತೈತಿ."

ನಾನು ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ಒಬ್ಬೊಬ್ಬರಾಗಿಯೇ ಗುಂಡಿ ಒತ್ತಬೇಕೆಂದು ಕಾನೂನು ಮಾಡಿದೆ. ಯಾರಾದರೂ ಅವಸರ ಮಾಡಿದರೆ ಬೈಯುತ್ತಿದ್ದೆ. ಎರಡೇ ದಿನದಲ್ಲಿ ನನಗೆ ತಿಳಿದುಹೋಯಿತು. ಐವತ್ತು ಬಂದರೆ ಫೋನಿಲ್ಲದವರು. ಅದು ಮಳೆ ಬಿದ್ದ ಹಾಗೆ ಬೀಳುತ್ತಿತ್ತು, ಹಳ್ಳಿಯ ಮನೆಗಳಲ್ಲಿ ಆಗ ಫೋನೆಲ್ಲಿ? ಐವತ್ತಮೂರು ಬಂದರೆ ಹಾಸ್ಟೆಲ್ ಬೇಕು ಅನ್ನುವ ಕಡೆ ಗುರುತು ಹಾಕದವರು. ನಲವತ್ತೇಳು ಬಂದರೆ ತಂದೆಯ ಹೆಸರು ಖಾಲಿ.

ನಲವತ್ತೇಳು ಅಪರೂಪ. ಒಂದು ಸಲ ಬಾಗಳಿಯ ಹುಡುಗನಿಗೆ ಬಂತು. ಮರೆತು ಬಿಟ್ಟಿದ್ದ, ಕರೆದು ಬರೆಸಿದೆ.

ಇನ್ನೊಂದು ಸಲ ಬಂದದ್ದು ರೇಣುಕಾಗೆ.

ಆ ಹುಡುಗಿ ಕಾನಹೊಸಹಳ್ಳಿ ಕಡೆಯ ಒಂದು ಹಳ್ಳಿಯಿಂದ ಒಬ್ಬಳೇ ಬಂದಿದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ಕೈಯಲ್ಲಿ ಮಾರ್ಕ್ಸ್ ಕಾರ್ಡಿನ ಪ್ಲಾಸ್ಟಿಕ್ ಚೀಲ. ಅವಳಿಗಿಂತ ಮುಂಚೆ ಗುಂಡಿ ಒತ್ತಿ ಎದ್ದವಳು ಬಟ್ಟೆ ಅಂಗಡಿ ಕೊಟ್ರಬಸಪ್ಪನ ಮಗಳು ರೇಖಾ. ರೇಣುಕಾ ಹೆಸರು ಕುಟ್ಟಿದಳು. ಆಮೇಲೆ ಬೆರಳು ಗಾಳಿಯಲ್ಲಿ ನಿಂತಿತು. ನಾನು ಹಿಂದೆ ನಿಂತಿದ್ದೆ. ಅವಳು ತಿರುಗದೆಯೇ ಸಣ್ಣ ದನಿಯಲ್ಲಿ ಕೇಳಿದಳು, "ಇದೊಂದು ಬಿಟ್ರ ನಡಿತೈತೇನ್ರಿ?"

ನಮ್ಮ ಕಡೆ ಹೊಸಬರು ಕಂಡರೆ ಮೊದಲ ಮಾತೇ "ಯಾರ ಮಗಳಬೇ ನೀನು" ಅಂತ. ನಾನು ಆ ಮಾತು ಯಾರಿಗೂ ಕೇಳುವುದಿಲ್ಲ. "ನಡಿತೈತಿ, ಬಿಡು" ಅಂದೆ. ಅವಳು ಗುಂಡಿ ಒತ್ತಿದಳು. ಕರಿ ಪರದೆಯ ಮೇಲೆ ಹದಿನೆಂಟರ ಕೆಳಗೆ ನಲವತ್ತೇಳು, ಆಮೇಲೆ ಐವತ್ತು. ನೋಟ್‌ಬುಕ್ಕಿನಲ್ಲಿ ಬರೆದೆ.

ಸಾಲು ಬೀಳುವುದು ನೋಡುತ್ತ ಕೂರುವುದು ನನಗೆ ರೂಢಿಯಾಯಿತು. ಸುಳ್ಳು ಯಾಕೆ ಹೇಳಲಿ, ಹಿತ ಅನ್ನಿಸುತ್ತಿತ್ತು. ಇಡೀ ಕಾಲೇಜಿನಲ್ಲಿ ದಿನವೆಲ್ಲ ನನ್ನ ಮುಂದೆ ಮಾತಾಡುತ್ತಿದ್ದದ್ದು ಅದೊಂದೇ. ಮೇಡಂ ಬಸ್ಸಿಗೆ ಹೋದ ಮೇಲೂ ಸ್ವಲ್ಪ ಹೊತ್ತು ಅದರ ಮುಂದೆ ಕೂತು, ಆ ದಿನದ ಅಂಕಿಗಳನ್ನು ಇನ್ನೊಮ್ಮೆ ತಾಳೆ ನೋಡಿ ಬೀಗ ಹಾಕುತ್ತಿದ್ದೆ. ಮನೆಗೆ ಹೋಗಿ ಮಾಡುವಂಥದ್ದು ಏನೂ ಇರಲಿಲ್ಲ. ಒಂದೇ ಕೋಣೆ, ಒಂದೇ ಒಲೆ.

ಅರ್ಜಿ ಮುಗಿಯುವ ಹೊತ್ತಿಗೆ ಪ್ರಿನ್ಸಿಪಾಲರು ಕೋಣೆಗೆ ಬಂದರು. ಕರಿ ಪರದೆ ನೋಡಿದರು.

"ಇದೇನ್ರಿ ಮೇಡಂ, ಹಿಂಗ ವಾಂತಿ ಮಾಡ್ಕೊಳಾಕತ್ತೈತಿ? ಸೋಮವಾರ ಮ್ಯಾಲಿನವರು ನೋಡಾಕ ಬರ್ತಾರ. ಪರದಿ ಸ್ವಚ್ಛ ಇರಬೇಕು."

"ಸರ್, ಅವು ಬರೇ ಎಚ್ಚರಿಕಿ. ಒಂದೊಂದೇ ನೋಡಿ ಸರಿ ಮಾಡಾಕ ಒಂದು ವಾರ ಬೇಕು."

"ಎಚ್ಚರಿಕಿ ನಿಮಗಿರ್ಲಿ. ಬರ್ದಂಗ ಮಾಡ್ರಿ."

ಮೇಡಂ ಅವತ್ತು ಎರಡು ಬಸ್ಸು ಬಿಟ್ಟು ಕೂತು ತಿದ್ದಿದರು. ಮಾರನೆಯ ದಿನ ಪರದೆ ತೊಳೆದ ಹಲಗೆಯ ಹಾಗೆ ಕಪ್ಪಗೆ ಇತ್ತು. ಏನೂ ಬೀಳಲಿಲ್ಲ. ನಾನು ನೋಟ್‌ಬುಕ್ ಹಿಡಿದುಕೊಂಡು ಸುಮ್ಮನೆ ಕೂತೆ. ಮಧ್ಯಾಹ್ನದ ತನಕ ಕೂತೆ. ಆಮೇಲೆ ಅದನ್ನು ಸ್ಟೆಬಿಲೈಜರ್ ಮೇಲಿಟ್ಟು ಮೌಸಿನ ಕೊಳೆ ತೆಗೆಯಲು ಹೋದೆ.

ಸೋಮವಾರ ಬಂದವರು ನೋಡಿ ಮೆಚ್ಚಿ ಹೋದರು. ಮಂಗಳವಾರ ಅರ್ಜಿಗಳ ಪಟ್ಟಿ ಯಂತ್ರದಿಂದಲೇ ಅಚ್ಚಾಗಿ ಬಂತು. ಹೆಸರು, ತಂದೆ, ಊರು, ಫೋನು. ನಾನೇ ಅದನ್ನು ನೋಟಿಸ್ ಬೋರ್ಡಿಗೆ ಪಿನ್ನು ಚುಚ್ಚಿದೆ. ಓದಲಿಲ್ಲ. ಇಂಗ್ಲಿಷಿನಲ್ಲಿತ್ತು.

ಬುಧವಾರ ಹನ್ನೊಂದಕ್ಕೆ ಕೊಟ್ರಬಸಪ್ಪ ಬಂದ. ಬಿಳಿ ಅಂಗಿ, ಹಣೆಯ ತುಂಬ ವಿಭೂತಿ. ಹಿಂದೆ ಅವನ ಹೆಂಡತಿಯ ತಮ್ಮ. ಪ್ರಿನ್ಸಿಪಾಲರ ಕೋಣೆಗೆ ಚಹಾ ಒಯ್ಯಲು ನನ್ನನ್ನೇ ಕರೆದರು. ನಾನು ತಟ್ಟೆ ಹಿಡಿದು ಒಳಗೆ ಹೋದಾಗ ಅವನು ನಿಂತೇ ಮಾತಾಡುತ್ತಿದ್ದ.

"ನನಗ ಮಗಳು ಒಬ್ಬಾಕಿನ ಅಂತ ತಿಳಿದಿದ್ದೆ ಸರ್. ನಿಮ್ಮ ಕಾಲೇಜಿನವ್ರು ಇನ್ನೊಬ್ಬಾಕಿನ ಕೊಟ್ಟೀರಿ! ಅದೂ ಕಾನಹೊಸಹಳ್ಳಿ ಕಡೀಗೆ!"

"ಕುಂದರ್ರಿ, ಕುಂದರ್ರಿ..."

"ಏನ್ ಕುಂದರ್ಲಿ? ಮುಂಜಾನಿ ಅಂಗಡ್ಯಾಗ ಗಿರಾಕಿ ನಗಾಕತ್ತಾರ. 'ಸಾಹುಕಾರ್ರ, ಎರಡನೇ ಮಗಳಿಗೆ ಸೀರಿ ಯಾವಾಗ' ಅಂತ. ಮನ್ಯಾಗ ಮುಂಜಾನಿಂದ ಒಲಿ ಹಚ್ಚಿಲ್ಲ."

ಹೆಂಡತಿಯ ತಮ್ಮ ನಗಲಿಲ್ಲ. ಅವನು ಭಾವನನ್ನು ಮಗ್ಗುಲಿನಿಂದ ನೋಡುತ್ತಿದ್ದ. ಅವನಿಗೆ ಅರ್ಧ ನಂಬಿಕೆ ಬಂದಿದೆ ಅಂತ ನನಗೆ ಕಂಡಿತು.

ಪಟ್ಟಿಯ ಇನ್ನೊಂದು ಪ್ರತಿ ತರಿಸಿದರು. ರೇಖಾ, ತಂದೆ ಕೊಟ್ರಬಸಪ್ಪ. ಅದರ ಕೆಳಗೆ ರೇಣುಕಾ, ತಂದೆ ಕೊಟ್ರಬಸಪ್ಪ.

ಹಾಸ್ಟೆಲ್ ವಿಚಾರಿಸಲು ಬಂದಿದ್ದ ರೇಣುಕಾಳನ್ನು ಹೊರಗಿನಿಂದ ಕರೆಸಿದರು. ಅವಳು ಬಾಗಿಲ ಹತ್ತಿರವೇ ನಿಂತಳು.

"ಇವರು ನಿಮ್ಮಪ್ಪನೇನು?" ಪ್ರಿನ್ಸಿಪಾಲರು ಕೇಳಿದರು.

"ಅಲ್ರಿ. ಇವರು ಯಾರಂತ ನನಗ ಗೊತ್ತಿಲ್ರಿ."

"ಮತ್ತ ಯಾಕ ಬರ್ದಿ?"

"ನಾ ಬರ್ದಿಲ್ರಿ. ಖಾಲಿ ಬಿಟ್ಟಿದ್ನಿರಿ."

"ಖಾಲಿ ಬಿಟ್ಟಿದ್ದು ತಾನ ತುಂಬಿತೇನು? ಕಂಪ್ಯೂಟರ್ ಸುಳ್ಳು ಹೇಳ್ತೈತೇನು? ನಿಮ್ಮಪ್ಪನ ಹೆಸರೇನು ಹೇಳು."

ಅವಳು ನೆಲ ನೋಡಿದಳು. ಕೊಟ್ರಬಸಪ್ಪ, "ಆತಲ್ಲ, ತಿಳೀತಲ್ಲ ಎಂಥಾಕಿ ಅಂತ" ಅಂದ.

ಪ್ರಿನ್ಸಿಪಾಲರು ತೀರ್ಪು ಕೊಟ್ಟರು. ನಾಲ್ಕು ಗಂಟೆಯ ಒಳಗೆ ಸುಳ್ಳು ಬರೆದದ್ದು ತಪ್ಪಾಯಿತು ಅಂತ ತಪ್ಪೊಪ್ಪಿಗೆ ಬರೆದುಕೊಡಬೇಕು. ಅದನ್ನು ಪಟ್ಟಿಯ ಪಕ್ಕ ಹಚ್ಚುತ್ತಾರೆ. ಬರೆಯದಿದ್ದರೆ ಸೀಟೂ ಇಲ್ಲ, ಹಾಸ್ಟೆಲೂ ಇಲ್ಲ.

"ಮಾಡದ ತಪ್ಪು ಹೆಂಗ ಬರೀಲ್ರಿ" ಅಂದಳು ಅವಳು. ಹೊರಗೆ ಹೋದಳು.

ಖಾಲಿ ಬಿಡು ಎಂದು ಹೇಳಿದವಳು ನಾನು. ಅಲ್ಲೇ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಚಹಾದ ಕಪ್ಪು ಎತ್ತಿಕೊಂಡು ಹೊರಗೆ ಬಂದು ನಲ್ಲಿಯ ಕೆಳಗೆ ತೊಳೆದೆ. ಇದನ್ನು ಬರೆಯಲೇಬೇಕು, ಇಲ್ಲದಿದ್ದರೆ ಮುಂದಿನದು ಹೇಳಿ ಏನು ಫಲ. ನನ್ನ ನೌಕರಿಯಲ್ಲಿ ಮಾಡಿದ ತಪ್ಪುಗಳಲ್ಲಿ ಪಿನ್ನು ಕಿತ್ತದ್ದು ಸಣ್ಣದು. ಇದು ದೊಡ್ಡದು.

ಕಿಟಕಿಯಿಂದ ನೋಡಿದರೆ ಹುಡುಗಿ ಬೇವಿನ ಮರದ ಕೆಳಗೆ ಕಟ್ಟೆಯ ಮೇಲೆ ಕೂತಿದ್ದಳು. ಮಡಿಲಲ್ಲಿ ಪ್ಲಾಸ್ಟಿಕ್ ಚೀಲ. ಅಳುತ್ತಿರಲಿಲ್ಲ. ರಸ್ತೆ ನೋಡುತ್ತಿದ್ದಳು. ಅವಳ ಊರಿನ ಕಡೆಯ ಬಸ್ಸು ಮೂರಕ್ಕೆ ಇತ್ತು. ಅದಕ್ಕೆ ಹತ್ತಿದಳೆಂದರೆ ತಿರುಗಿ ಬರುವುದಿಲ್ಲ ಅನ್ನಿಸಿತು.

ನಾನು ಸ್ಟೆಬಿಲೈಜರ್ ಮೇಲಿನ ನೋಟ್‌ಬುಕ್ ತೆಗೆದುಕೊಂಡು ನೋಟಿಸ್ ಬೋರ್ಡಿಗೆ ಹೋದೆ. ಹೆಸರು ಓದಲು ಬರದಿದ್ದರೇನು, ಫೋನಿನ ಅಂಕಿ ಓದಲು ಬರುತ್ತಿತ್ತು. ನೋಡಿದರೆ ಪಟ್ಟಿಯಲ್ಲಿ ಫೋನಿನ ಕಾಲಂ ಒಂದೂ ಖಾಲಿ ಇಲ್ಲ. ನನ್ನ ಪುಸ್ತಕದಲ್ಲಿ ಐವತ್ತು, ಐವತ್ತು, ಐವತ್ತು ಅಂತ ಪುಟಗಟ್ಟಲೆ ಇದೆ. ಅಷ್ಟು ಜನಕ್ಕೆ ಒಂದು ವಾರದಲ್ಲಿ ಫೋನು ಬಂತೇ? ಬೆರಳಿಟ್ಟು ಮೇಲಿಂದ ಕೆಳಗೆ ನೋಡಿದೆ. ಒಂದು ನಂಬರು ಬರುತ್ತದೆ, ಅದರ ಕೆಳಗೆ ಅದೇ, ಅದರ ಕೆಳಗೂ ಅದೇ. ಆಮೇಲೆ ಬೇರೆ ನಂಬರು. ಮತ್ತೆ ಅದರದೇ ಸಾಲು. ಒಂದು ಕಡೆ ಐದು ಜನಕ್ಕೆ ಒಂದೇ ಫೋನು.

ಪಾಠದ ನಡುವೆಯೇ ಮೇಡಮ್ಮನ್ನು ಕರೆತಂದೆ. ಬೋರ್ಡಿನ ಮುಂದೆ ನಿಲ್ಲಿಸಿ ತೋರಿಸಿದೆ.

"ಅಯ್ಯೋ ಹುಲಿಗೆವ್ವ, ಇದು ನನ್ನ ಕೆಲಸ. ಆ ಎಚ್ಚರಿಕಿ ನಿಲ್ಲಿಸಾಕ, ಕಾಲಂದಾಗ ಏನರ ಇದ್ರ ತಗೋ, ಇಲ್ಲಾಂದ್ರ ಬಿಡು ಅಂತ ಬರ್ದೆ. ಪಟ್ಟಿ ಮಾಡುವಾಗ ಎಲ್ಲಾ ಅರ್ಜಿ ಮೊದಲಿಂದ ಒಂದೊಂದಾಗಿ ಓದ್ತೈತಿ, ಖಾಲಿ ಬಂದ್ರ ಕೈಯಾಗ ಇದ್ದ ಹಳೇದು ಹಂಗ ಉಳೀತೈತಿ. ಮುಂದಿನವರಿಗೆ ಅದನ್ನ ಕೊಡ್ತೈತಿ."

"ಅಂದ್ರ ತಟ್ಟಿ ತೊಳೀಲಿಲ್ಲ ನೀವು."

"ಏನು?"

"ಒಬ್ಬರು ಉಂಡ ತಟ್ಟಿ ತೊಳೀದ ಮುಂದಿನವರಿಗೆ ಇಟ್ರಿ. ಅವರಿಗೆ ನೀವು ಏನೂ ಬಡಿಸಿಲ್ಲ. ಹಿಂದಿನವರ ಪಲ್ಯ ಹಂಗ ಐತಿ ತಟ್ಯಾಗ."

"ಅದ. ಅದ ಆತು." ಅವರು ಬೋರ್ಡಿಗೆ ಕೈ ಊರಿ ನಿಂತರು. "ಇದನ್ನ ಹೇಳಿದ್ರ ಬರೋ ವರ್ಷ ನನ್ನ ಇಟ್ಕೊಳ್ಳಂಗಿಲ್ಲ ಇವರು. ಮ್ಯಾಲಿನವರು ಹೊಗಳಿ ಹೋಗಿ ಎರಡು ದಿನ ಆಗಿಲ್ಲ."

ನಾನೇ ಬಾಯಿ ಮುಚ್ಚಿಕೊಂಡು ಬಂದವಳು, ಇನ್ನೊಬ್ಬರಿಗೆ ಏನು ಹೇಳಲಿ? ಗಡಿಯಾರ ಎರಡೂವರೆ ತೋರಿಸುತ್ತಿತ್ತು.

ಅವರು ಸೆರಗು ಸರಿ ಮಾಡಿಕೊಂಡರು. "ನಡೀರಿ. ಪುಸ್ತಕ ತಗೊಳ್ರಿ" ಅಂದರು.

ಪ್ರಿನ್ಸಿಪಾಲರ ಕೋಣೆಯಲ್ಲಿ ಕೊಟ್ರಬಸಪ್ಪ ತಪ್ಪೊಪ್ಪಿಗೆ ನೋಡಿಯೇ ಹೋಗುತ್ತೇನೆಂದು ಇನ್ನೂ ಕೂತಿದ್ದ. ಹೆಡ್ ಕ್ಲರ್ಕ್ ಇದ್ದ, ಟೈಪಿಸ್ಟ್ ಶಾಂತಮ್ಮ ಇದ್ದಳು. ಮೇಡಂ ನಿಂತೇ ಎಲ್ಲಾ ಹೇಳಿದರು. ಫೋನಿನ ನಂಬರು ತೋರಿಸಿದರು. ಪ್ರಿನ್ಸಿಪಾಲರು ಪಟ್ಟಿ ಎಳೆದುಕೊಂಡು ನೋಡಿದರು.

"ಫೋನಿಂದು ಒಪ್ಪಿದೆ. ಆದ್ರ ಈ ಹುಡುಗಿ ಅಪ್ಪನ ಹೆಸರು ಖಾಲಿ ಬಿಟ್ಟಿದ್ಲು ಅನ್ನಾಕ ಏನು ಸಾಕ್ಷಿ? ಬರ್ದಿರಬಹುದಲ್ಲ? ಅಪ್ಪನ ಹೆಸರು ಯಾರು ಖಾಲಿ ಬಿಡ್ತಾರ?"

ಮೇಡಂ ನನ್ನನ್ನು ನೋಡಿದರು. ನಾನು ಪುಸ್ತಕ ತೆರೆದು ಮೇಜಿನ ಮೇಲಿಟ್ಟೆ.

"ಇಲ್ಲಿ ನೋಡ್ರಿ. ರೇಣುಕಾ. ನಲವತ್ತೇಳು, ಐವತ್ತು. ಆಕಿ ಗುಂಡಿ ಒತ್ತಿದಾಗ ಬಿದ್ದಿದ್ದು. ನಲವತ್ತೇಳು ಅಂದ್ರ ಅಪ್ಪನ ಹೆಸರು ಇಲ್ಲ."

"ನೀನು ಬರ್ದಿದ್ದು ಸಾಕ್ಷಿ ಆಗ್ತೈತೇನು?" ಹೆಡ್ ಕ್ಲರ್ಕ್ ನಕ್ಕ. "ನೂರಾರು ಹುಡುಗ್ರ ಬಂದು ಹೋಗ್ಯಾರ. ಈಕಿದೊಂದ ಹೆಂಗ ನೆನಪೈತಿ ನಿನಗ?"

"ಯಾಕಂದ್ರ ಬಿಡು ಅಂತ ಹೇಳಿದಾಕಿ ನಾನ. ಬಿಟ್ರ ನಡಿತೈತೇನು ಅಂತ ಕೇಳಿದ್ಲು. ನಡಿತೈತಿ ಅಂದೆ."

"ಅಂಥಾ ಅಧಿಕಾರ ನಿನಗ ಯಾರು ಕೊಟ್ರು?" ಪ್ರಿನ್ಸಿಪಾಲರು ಮೇಜು ಬಡಿದರು.

ನನಗೂ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಮೆಲ್ಲಗೆ ಮಾತಾಡುತ್ತೇನೆ.

"ಸಾಹೇಬ್ರ, ನನ್ನ ಸರ್ವಿಸ್ ಪುಸ್ತಕ ತರಿಸ್ರಿ. ಅದ್ರಾಗ ಅಪ್ಪನ ಹೆಸರು ಹುಲಿಗೆಪ್ಪ ಅಂತೈತಿ. ಅಂಥ ಮನುಷ್ಯ ಹುಟ್ಟೇ ಇಲ್ಲ. ನಮ್ಮವ್ವನ್ನ ದೇವರಿಗೆ ಬಿಟ್ಟಿದ್ರು. ನನಗ ಅಪ್ಪ ಯಾರಂತ ಆಕಿ ಹೇಳಲಿಲ್ಲ, ನಾ ಕೇಳಲಿಲ್ಲ. ಕೆಲಸಕ್ಕ ಸೇರಿದಾಗ ಗುಮಾಸ್ತ, ಕಾಲಂ ಖಾಲಿ ಬಿಡಾಕ ಬರಂಗಿಲ್ಲ ಅಂತ ನನ್ನ ಹೆಸರಿಗೆ ಒಂದು ಅಪ್ಪ ಹಚ್ಚಿ ಗಂಡಸು ಮಾಡಿ ಬರ್ದ. ಯಾರು ಖಾಲಿ ಬಿಡ್ತಾರ ಅಂದ್ರಲ್ಲ, ನಾ ಬಿಡ್ತಿದ್ದೆ. ಬಿಡಗೊಡಲಿಲ್ಲ."

ಶಾಂತಮ್ಮ ತನ್ನ ಕೈಬಳೆ ನೋಡಿಕೊಂಡಳು. ಕೊಟ್ರಬಸಪ್ಪ ಎದ್ದ. "ಏನರ ಮಾಡ್ಕೊಳ್ರಿ. ನನ್ನ ಹೆಸರು ಆ ಕಾಗದದಿಂದ ಇವತ್ತ ಹೋಗಬೇಕು" ಎಂದು ಹೇಳಿ ಹೊರಟುಹೋದ. ತಪ್ಪು ತಿಳಿದೆ ಅಂತ ಹುಡುಗಿಗೆ ಒಂದು ಮಾತು ಹೇಳಲಿಲ್ಲ.

ಪ್ರಿನ್ಸಿಪಾಲರು ಬಹಳ ಹೊತ್ತು ನನ್ನ ನೋಟ್‌ಬುಕ್ಕಿನ ಪುಟ ತಿರುವಿದರು. ಆಮೇಲೆ ಮೇಡಂಗೆ, "ಪಟ್ಟಿ ಕಿತ್ತು ಹಾಕ್ರಿ. ಸರಿ ಮಾಡಿ ತಗೊಂಡು ಬರ್ರಿ. ತಪ್ಪೊಪ್ಪಿಗಿ ಬ್ಯಾಡ" ಅಂದರು. ನನಗೆ, "ನೀ ಹೋಗು" ಅಂದರು.

ಮೂರಕ್ಕೆ ಹತ್ತು ನಿಮಿಷ ಇತ್ತು. ಬೇವಿನ ಕಟ್ಟೆಗೆ ಹೋದೆ. ರೇಣುಕಾ ಚೀಲ ಹಿಡಿದು ಎದ್ದಿದ್ದಳು.

"ಬಸ್ಸು ಬಿಡು. ಸೀಟು ಐತಿ. ಹಾಸ್ಟೆಲೂ ಐತಿ. ಏನೂ ಬರ್ದು ಕೊಡೋದು ಬ್ಯಾಡ."

"ಯಾರು ಹೇಳಿದ್ರು?"

"ಕಂಪ್ಯೂಟರ್ ತಪ್ಪು ಮಾಡಿತ್ತು. ಒಪ್ಪಿಕೊಂಡೈತಿ."

ಅವಳು ನನ್ನ ಮುಖ ನೋಡಿದಳು. ಒಳಗೆ ಹೋದಳು. ಆಮೇಲೆ ಮೂರು ವರ್ಷ ಅದೇ ಕಾಲೇಜಿನಲ್ಲಿ ಓದಿದಳು, ಪಾಸಾಗಿ ಹೋದಳು. ನಾನು ಎದುರು ಬಂದರೆ ಬೇರೆ ಕಡೆ ತಿರುಗಿಕೊಳ್ಳುತ್ತಿದ್ದಳು. ನನ್ನ ಹತ್ತಿರ ನಿಂತರೆ ಜನ ಇಬ್ಬರನ್ನೂ ಸೇರಿಸಿ ನೋಡುತ್ತಾರೆ ಅಂತ ಅವಳಿಗೆ ಗೊತ್ತಿತ್ತು. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ಶಾಂತಮ್ಮನ ಚಿತ್ರಾನ್ನದ ಡಬ್ಬಿಯೂ ಬರುವುದು ನಿಂತಿತು. ಶೈಲಜಾ ಮೇಡಮ್ಮನ್ನು ಬರುವ ವರ್ಷ ಇಟ್ಟುಕೊಳ್ಳಲಿಲ್ಲ. ಹೋಗುವ ದಿನ ಅವರು ನನ್ನ ಕೈಗೆ ಆ ದಪ್ಪ ಪುಸ್ತಕ ಕೊಟ್ಟರು. ಇಂಗ್ಲಿಷ್ ಪುಸ್ತಕ, ನನಗೆ ಯಾಕೆ? ಆದರೂ ಇದೆ. ಅದರ ಮೇಲೆ ಕನ್ನಡಕ ಇಡುತ್ತೇನೆ.

ನೀವು ಈ ಕೆಲಸಕ್ಕೆ ಹೋಗುವವರು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾರೂ ಹೇಳದಿದ್ದರೂ ಬರೆದುಕೊಳ್ಳಿ. ಯಂತ್ರ ಗೊಣಗಿದರೆ ಬಾಯಿ ಮುಚ್ಚಿಸುವ ಮುಂಚೆ ಏನು ಅನ್ನುತ್ತಿದೆ ಕೇಳಿ. ನನಗೆ ತಿಳಿದದ್ದು ಇಷ್ಟೇ.

ಆ ಬುಧವಾರ ಸಂಜೆ ಮೇಡಂ ಕೂತು ತಟ್ಟೆ ತೊಳೆಯುವ ಎರಡು ಸಾಲು ಸೇರಿಸಿದರು. ಪ್ರತಿ ಅರ್ಜಿಗೂ ಮೊದಲು ಎಲ್ಲಾ ಖಾಲಿ ಮಾಡು, ಆಮೇಲೆ ತುಂಬು ಅಂತ. ಖಾಲಿ ಇದ್ದ ಕಡೆ ಪಟ್ಟಿಯಲ್ಲಿ ಒಂದು ಗೆರೆ ಬರುವ ಹಾಗೆ ಮಾಡಿದರು. ಎಚ್ಚರಿಕೆಯನ್ನು ತಿರುಗಿ ಬರುವಂತೆ ಬಿಟ್ಟರು. "ಗೊಣಗಲಿ ಬಿಡ್ರಿ" ಅಂದು ಕೊನೆಯ ಬಸ್ಸಿಗೆ ಓಡಿದರು.

ಮರುದಿನ ಬೆಳಿಗ್ಗೆ ನಾನು ಏಳೂವರೆಗೇ ಹೋಗಿ ಬೀಗ ತೆಗೆದೆ. ಕಸ ಹೊಡೆಯಲಿಲ್ಲ. ದೊಡ್ಡ ಯಂತ್ರ ಎಬ್ಬಿಸಿದೆ. ಬಾಗಿಲ ಹತ್ತಿರದ ಕಂಪ್ಯೂಟರಿನ ಹೊದಿಕೆ ತೆಗೆದು, ಅರ್ಜಿ ತೆರೆದು, ಅದರ ಮುಂದಿನ ಕುರ್ಚಿಯಲ್ಲಿ ಮೊದಲ ಸಲ ಕೂತೆ. ನನ್ನ ಹೆಸರಿನ ಇಂಗ್ಲಿಷ್ ಅಕ್ಷರ ಮೇಡಂ ಕಲಿಸಿದ್ದರು. ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಕುಟ್ಟಿದೆ. ತಂದೆಯ ಹೆಸರಿನ ಕಾಲಂ ಬಿಟ್ಟೆ. ಗುಂಡಿ ಒತ್ತಿ, ಎದ್ದು ಹೋಗಿ ಕರಿ ಪರದೆ ನೋಡಿದೆ. ಒಂದರ ಕೆಳಗೊಂದು ಸಾಲು ಬಿದ್ದಿದ್ದವು. ಎರಡು ಸಾಲು ಹೊಸದಾಗಿ ಸೇರಿದ್ದರಿಂದ ನಲವತ್ತೇಳು ಕೆಳಗೆ ಸರಿದು ನಲವತ್ತೊಂಬತ್ತು ಆಗಿತ್ತು. ನೋಟ್‌ಬುಕ್ ತೆಗೆದು, ನಲವತ್ತೊಂಬತ್ತು, ಹುಲಿಗೆವ್ವ ಎಂದು ಬರೆದೆ. ಆಮೇಲೆ ಕಸಬರಿಗೆ ತೆಗೆದುಕೊಂಡೆ.